ಬಿಸಿನೀರಿನ ಲೆಕ್ಕ: ಒಂದು ಮನೆ ಹಳೆಯ ಗೀಸರ್‌ನಿಂದ ಹೀಟ್ ಪಂಪ್‌ಗೆ ಬದಲಾದ ಪ್ರಕರಣ

ಆರು ಜನರಿರುವ ಎರಡು ಅಂತಸ್ತಿನ ಮನೆಯೊಂದರಲ್ಲಿ ಬಿಸಿನೀರಿಗೆ ದಿನವೊಂದಕ್ಕೆ ಸರಾಸರಿ 14.2 ಯೂನಿಟ್ ವಿದ್ಯುತ್ ಖರ್ಚಾಗುತ್ತಿತ್ತು. ಈಗ ಅದೇ ಮನೆಯಲ್ಲಿ, ಅದೇ ಆರು ಜನರಿಗೆ, ಸುಮಾರು 4 ಯೂನಿಟ್ ಸಾಕಾಗುತ್ತಿದೆ. ಈ ಎರಡು ಅಂಕಿಗಳನ್ನು ಕೇಳಿದವರೆಲ್ಲ ಮೊದಲು ವಿಚಾರಿಸುವುದು ಯಾವ ಹೀಟ್ ಪಂಪ್ (ಗಾಳಿಯ ಶಾಖವನ್ನು ಎತ್ತಿ ನೀರು ಕಾಯಿಸುವ ಯಂತ್ರ) ಹಾಕಿಸಿದಿರಿ ಎಂದು. ಪ್ರಶ್ನೆ ಸಹಜವೇ. ಆದರೆ ಉಳಿದ 10.2 ಯೂನಿಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆ ಯಂತ್ರ ಮನೆಯ ಹೊಸ್ತಿಲು ದಾಟುವ ಮೊದಲೇ ಉಳಿದಿತ್ತು. ಯಾವ ಉಳಿತಾಯ ಯಾವುದರಿಂದ ಬಂತು ಎಂಬುದನ್ನು ಬೇರ್ಪಡಿಸದೆ ಹೋದರೆ ಯಂತ್ರದ ಬೆಲೆ ಎಷ್ಟು ವರ್ಷಕ್ಕೆ ಹುಟ್ಟುತ್ತದೆ ಎಂಬ ಲೆಕ್ಕವೇ ತಪ್ಪುತ್ತದೆಯಾದ್ದರಿಂದ, ಪ್ರತಿ ಹಂತದ ಅಳತೆಯನ್ನೂ ಇಲ್ಲಿ ಬೇರೆಬೇರೆಯಾಗಿ ಕೊಟ್ಟಿದ್ದೇನೆ.

ಆರಂಭದ ಸ್ಥಿತಿ

ಮನೆಯ ಯಜಮಾನರು ನನ್ನ ಬಹುಕಾಲದ ಸ್ನೇಹಿತರು. ಮೀಟರ್ ಹಾಕಿ ಅಳತೆ ಮಾಡಿದವನು ನಾನು. ಮನೆಯಲ್ಲಿ ಅವರ ತಾಯಿ, ಪತ್ನಿ, ಮಗ, ಸೊಸೆ ಮತ್ತು ಐದು ವರ್ಷದ ಮೊಮ್ಮಗಳು ಇದ್ದಾರೆ. ಮೇಲಂತಸ್ತಿನ ಒಂದು ಮೂಲೆಯಲ್ಲಿ, ತಣ್ಣೀರಿನ ತೊಟ್ಟಿಯ ಕೆಳಗೆ ಜಾಗವಿತ್ತೆಂಬ ಒಂದೇ ಕಾರಣಕ್ಕೆ, 200 ಲೀಟರಿನ ವಿದ್ಯುತ್ ಗೀಸರನ್ನು 14 ವರ್ಷಗಳ ಹಿಂದೆ ಕೂರಿಸಲಾಗಿತ್ತು. ಅದರಲ್ಲಿದ್ದದ್ದು 3 ಕಿಲೋವ್ಯಾಟಿನ ಒಂದು ಕಾಯಿಲ್. ಅಲ್ಲಿಂದ ಮೇಲಿನ ಸ್ನಾನದ ಮನೆಗೆ ಕೊಳವೆಯ ಹಾದಿ 9 ಮೀಟರ್, ಕೆಳಗಿನ ಸ್ನಾನದ ಮನೆಗೆ 14 ಮೀಟರ್, ಅಡುಗೆಮನೆಯ ಸಿಂಕ್‌ಗೆ 22 ಮೀಟರ್. ಕೊಳವೆಯ ಒಳವ್ಯಾಸ 20 ಮಿಲಿಮೀಟರ್. ಥರ್ಮೋಸ್ಟಾಟ್ 70 ಡಿಗ್ರಿಗೆ ನಿಂತಿತ್ತು. ಅದನ್ನು ಯಾರು, ಎಂದು, ಏಕೆ ಅಲ್ಲಿ ನಿಲ್ಲಿಸಿದರೆಂಬುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಗೀಸರಿನ ತೊಟ್ಟಿಯ ತಳದಲ್ಲಿ ತುಕ್ಕಿನ ನೀರು ಒಸರಲು ಆರಂಭಿಸಿದ್ದರಿಂದ ಹೇಗೂ ಅದನ್ನು ಬದಲಾಯಿಸಬೇಕಿತ್ತು. ಬಂದು ನೋಡಿದ ಮಾರಾಟಗಾರರೊಬ್ಬರು 300 ಲೀಟರಿನ ಹೀಟ್ ಪಂಪ್ ಬೇಕಾಗುತ್ತದೆ ಎಂದು ಬರೆದುಕೊಟ್ಟಿದ್ದರು. ಆ ಚೀಟಿಯನ್ನು ನನ್ನ ಕೈಗಿಟ್ಟು, "ಇದು ಸರಿಯಿದೆಯಾ ನೋಡಿ ಹೇಳಿ" ಎಂದು ಸ್ನೇಹಿತರು ಕೇಳಿದ್ದೇ ಈ ಅಧ್ಯಯನದ ಮೂಲ. ಒಸರುವಿಕೆ ಇನ್ನೂ ಅಲ್ಪವಾಗಿತ್ತು. ಒಂದೆರಡು ತಿಂಗಳು ಕಾಯಬಹುದಿತ್ತು. ಹಾಗಾಗಿ ಮೊದಲು ಅಳೆಯೋಣ ಎಂದೆ.

ಉಷ್ಣ ಎಲ್ಲಿಗೆ ಹೋಗುತ್ತಿತ್ತು

ಗೀಸರ್‌ನ ತಂತಿಗೆ ಪ್ರತ್ಯೇಕ ಮೀಟರ್ ಜೋಡಿಸಿ 14 ದಿನ ಬಿಟ್ಟೆವು. ಸರಾಸರಿ ಬಂದದ್ದು ಮೇಲೆ ಹೇಳಿದ 14.2 ಯೂನಿಟ್. ಈ ಮೊತ್ತವನ್ನು ಒಡೆದು ನೋಡಲು ಒಂದೇ ಒಂದು ಸೂತ್ರ ಸಾಕು: ಒಂದು ಲೀಟರ್ ನೀರಿನ ತಾಪಮಾನವನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೂಲ್ ಉಷ್ಣ ಬೇಕು, ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಯಾವ ಕಂಪನಿಯ ಯಾವ ಯಂತ್ರವೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು.

ಸ್ನಾನದ ನೀರನ್ನು ಅಳೆದದ್ದು ಹೀಗೆ. ಶವರ್‌ನಿಂದ ನಿಮಿಷಕ್ಕೆ 13 ಲೀಟರ್ ನೀರು ಬರುತ್ತಿರುವುದನ್ನು ಬಕೆಟ್ ಮತ್ತು ಗಡಿಯಾರ ಇಟ್ಟು ಕಂಡುಕೊಂಡೆವು. ಶವರ್ ತೆರೆದಿದ್ದ ಸಮಯವನ್ನು ಮನೆಯವರೇ ಒಂದು ವಾರ ಬರೆದಿಟ್ಟರು. ತಲೆಗೆ ಸುಮಾರು 45 ಲೀಟರ್, 40 ಡಿಗ್ರಿಯಲ್ಲಿ, ಎಂದಾಯಿತು. ಒಳಬರುವ ನೀರು 20 ಡಿಗ್ರಿಯಲ್ಲಿದ್ದುದರಿಂದ ಆರು ಜನರ ಸ್ನಾನಕ್ಕೆ ನಿಜವಾಗಿ ಬೇಕಾದ ಉಷ್ಣ ದಿನಕ್ಕೆ 6.3 ಯೂನಿಟ್. ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಸುಮಾರು 50 ಲೀಟರ್ ಬೆಚ್ಚಗಿನ ನೀರು, ಅಂದರೆ ಸುಮಾರು 1.1 ಯೂನಿಟ್. ಎರಡೂ ಸೇರಿ 7.4. ಅಂದರೆ ಕೊಂಡ ವಿದ್ಯುತ್ತಿನಲ್ಲಿ ಜನರ ಮೈಗೆ ಮತ್ತು ಪಾತ್ರೆಗೆ ತಲುಪುತ್ತಿದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಉಳಿದ 6.8 ಯೂನಿಟ್ ಎಲ್ಲಿ? ಮನೆಯವರೆಲ್ಲ ಎರಡು ದಿನ ಊರಿನಲ್ಲಿಲ್ಲದ ಸಂದರ್ಭ ಒದಗಿ ಬಂತು. ಗೀಸರನ್ನು ಆರಿಸದೆ, ಒಂದು ತೊಟ್ಟೂ ಬಳಸದೆ 48 ಗಂಟೆ ಬಿಟ್ಟಾಗ ಮೀಟರ್ 5.6 ಯೂನಿಟ್ ಓಡಿತ್ತು. ಯಾರೂ ಇಲ್ಲದ ಮನೆಯಲ್ಲಿ, ಬಿಸಿನೀರು ಬಿಸಿಯಾಗಿ ಇರುವುದಕ್ಕಷ್ಟೇ ದಿನಕ್ಕೆ 2.8 ಯೂನಿಟ್ ತೆರಬೇಕಾಗಿತ್ತು. ಬರಿಯ ತೊಟ್ಟಿಯ ಗೋಡೆಯ ಮೂಲಕ ಅಷ್ಟು ಉಷ್ಣ ಹೋಗಲಾರದೆಂಬ ಅನುಮಾನದಿಂದ ಹುಡುಕಿದಾಗ, ಒಳಗಿನ ಒತ್ತಡ ಹೆಚ್ಚಿದರೆ ನೀರು ಹೊರಬಿಡುವ ಸೇಫ್ಟಿ ವಾಲ್ವ್‌ನ ಸಣ್ಣ ಕೊಳವೆ ಗೋಡೆಯಾಚೆ ಮಳೆನೀರಿನ ಪೈಪಿನೊಳಕ್ಕೆ ಸದ್ದಿಲ್ಲದೆ ತೊಟ್ಟಿಕ್ಕುತ್ತಿರುವುದು ಕಾಣಿಸಿತು. ಬಾಟಲಿ ಹಿಡಿದು ನೋಡಿದರೆ ಗಂಟೆಗೆ 300 ಮಿಲಿಲೀಟರ್. ಕೇಳಲು ಏನೂ ಅಲ್ಲ. ಆದರೆ ದಿನಕ್ಕೆ 7 ಲೀಟರಿಗೂ ಮೀರಿ 70 ಡಿಗ್ರಿಯ ನೀರು ಎಂದರೆ 0.4 ಯೂನಿಟ್. ವಾಲ್ವ್ ಒಂದು ಸುರಕ್ಷತೆಯ ಸಾಧನವಾದ್ದರಿಂದ ಅದರ ಬಾಯಿ ಮುಚ್ಚುವಂತಿಲ್ಲ, ಹೊಸದನ್ನೇ ಹಾಕಬೇಕು. ಹಾಕಿಸಿದೆವು.

ಅತ್ಯಂತ ಕುತೂಹಲಕರವಾದದ್ದು ಕೊಳವೆಯ ನಷ್ಟ. 20 ಮಿಲಿಮೀಟರ್ ಒಳವ್ಯಾಸದ ಕೊಳವೆಯ ಪ್ರತಿ ಮೀಟರಿನಲ್ಲಿ 0.314 ಲೀಟರ್ ನೀರು ನಿಲ್ಲುತ್ತದೆ. ಅಡುಗೆಮನೆಯವರೆಗಿನ 22 ಮೀಟರಿಗೆ 6.9 ಲೀಟರ್. ಸಿಂಕಿನ ನಲ್ಲಿ ತೆರೆದರೆ ಈ 6.9 ಲೀಟರ್ ತಣ್ಣೀರು ಹರಿದು ಹೋಗುವವರೆಗೆ, ನಾನು ಅಳೆದಂತೆ 1 ನಿಮಿಷ 10 ಸೆಕೆಂಡು, ಬಿಸಿನೀರು ಬರುತ್ತಿರಲಿಲ್ಲ. ಬಂದು ಕೆಲಸ ಮುಗಿದ ಮೇಲೆ ಅಷ್ಟೇ ಬಿಸಿನೀರು ಕೊಳವೆಯೊಳಗೆ ಉಳಿದು ಗೋಡೆಗೆ ಶಾಖ ಕೊಟ್ಟು ತಣ್ಣಗಾಗುತ್ತಿತ್ತು. ಹೀಗೆ ಒಂದು ಸಲ ತಣ್ಣಗಾದರೆ 0.4 ಯೂನಿಟ್ ಹೋದಂತೆ. ಅಡುಗೆಮನೆಯಲ್ಲಿ ದಿನಕ್ಕೆ ಏಳು ಬಾರಿ, ಎರಡೂ ಸ್ನಾನದ ಮನೆಗಳಲ್ಲಿ ತಲಾ ಮೂರು ಬಾರಿ ಎಂದು ಎಣಿಸಿದರೆ ಒಟ್ಟು ನಷ್ಟ ದಿನಕ್ಕೆ 4 ಯೂನಿಟ್. ಅದರಲ್ಲಿ ಅಡುಗೆಮನೆಯದ್ದೇ 2.8. ಸಿಂಕಿನಲ್ಲಿ ಬಳಕೆಯಾಗುತ್ತಿದ್ದ ಉಷ್ಣ 1.1 ಯೂನಿಟ್, ಸಿಂಕಿನ ದಾರಿಯಲ್ಲಿ ಕಳೆದುಹೋಗುತ್ತಿದ್ದದ್ದು ಅದರ ಎರಡೂವರೆ ಪಟ್ಟು. ಸೊಸೆ ಇದನ್ನು ಕೇಳಿ ಹೇಳಿದ ಮಾತು ಲೆಕ್ಕಕ್ಕಿಂತ ಖಚಿತವಾಗಿತ್ತು: "ಎಷ್ಟೋ ಸಲ ಬಿಸಿನೀರು ಬರುವಷ್ಟರಲ್ಲಿ ನಾನು ತಣ್ಣೀರಿನಲ್ಲೇ ತೊಳೆದು ಮುಗಿಸಿರುತ್ತೇನೆ ಅಂಕಲ್."

7.4, 2.8 ಮತ್ತು 4 ಕೂಡಿದರೆ 14.2. ಮೀಟರಿನ ಅಂಕಿಗೆ ಲೆಕ್ಕ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದರಲ್ಲಿ ಸ್ವಲ್ಪ ಅದೃಷ್ಟವೂ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ನಲ್ಲಿ ತೆರೆದ ಎಣಿಕೆಯಲ್ಲಿ ಒಂದೆರಡು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೆ ಯಾವ ಪಾಲು ದೊಡ್ಡದು, ಯಾವುದು ಸಣ್ಣದು ಎಂಬ ಚಿತ್ರ ಅದರಿಂದ ಬದಲಾಗುವುದಿಲ್ಲ.

ಯಂತ್ರವಿಲ್ಲದೆ ಮಾಡಿದ ಬದಲಾವಣೆಗಳು

ಹಳೆಯ ಗೀಸರನ್ನೇ ಇಟ್ಟುಕೊಂಡು ಐದು ವಾರಗಳಲ್ಲಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿಸಿದೆವು. ಅಡುಗೆಮನೆಯ ಉದ್ದನೆಯ ಕೊಳವೆಯನ್ನು ಕತ್ತರಿಸಿ ಮುಚ್ಚಿ, ಸಿಂಕಿನ ಕೆಳಗೆ 6 ಲೀಟರಿನ ಚಿಕ್ಕ ಗೀಸರ್ ಹಾಕಲಾಯಿತು. ಉಷ್ಣಶಕ್ತಿಯ ದೃಷ್ಟಿಯಿಂದ ಅದು ಯಾವ ವಿಶೇಷವೂ ಇಲ್ಲದ, ಹಳೆಯ ಬಗೆಯ ಕಾಯಿಲ್ ಗೀಸರೇ. ಆದರೂ ನಿಂತಲ್ಲೇ ಆಗುವ 0.45 ಯೂನಿಟ್ ನಷ್ಟವನ್ನೂ ಸೇರಿಸಿ ದಿನಕ್ಕೆ 1.6 ಯೂನಿಟ್‌ನಲ್ಲಿ ಅಡುಗೆಮನೆಯ ಕೆಲಸ ಮುಗಿಯಿತು. ಮೊದಲು ಕೊಳವೆಯ ನಷ್ಟ ಸೇರಿ ಅದೇ ಕೆಲಸಕ್ಕೆ ಸುಮಾರು 4 ಯೂನಿಟ್ ಹೋಗುತ್ತಿತ್ತು. ಮಿತವ್ಯಯದ ಯಂತ್ರವೆಂಬ ಹೆಸರಿಲ್ಲದ ಒಂದು ವಸ್ತು, ಸರಿಯಾದ ಜಾಗದಲ್ಲಿ ಕುಳಿತ ಮಾತ್ರಕ್ಕೆ, ಅಷ್ಟು ಉಳಿಸಿತು.

ಶವರ್‌ಗಳ ತಲೆ ಬದಲಾಯಿಸಿ ನಿಮಿಷಕ್ಕೆ 13 ಲೀಟರಿದ್ದ ಹರಿವನ್ನು 8ಕ್ಕೆ ಇಳಿಸಿದೆವು. ಹರಿವು ಶೇ. 38ರಷ್ಟು ಇಳಿದರೂ ನೀರಿನ ಬಳಕೆ ಇಳಿದದ್ದು ಶೇ. 24ರಷ್ಟು ಮಾತ್ರ, ಏಕೆಂದರೆ ಹರಿವು ಕಡಿಮೆಯಾದಾಗ ಜನ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಾರೆ. ಶವರ್ ಪೊಟ್ಟಣದ ಮೇಲೆ ಬರೆದಿರುವ ಉಳಿತಾಯದ ಅಂಕಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ತಲೆಗೆ 45 ಲೀಟರ್ ಇದ್ದದ್ದು 34ಕ್ಕೆ ಬಂತು. ಸ್ನಾನದ ಉಷ್ಣ 6.3 ಯೂನಿಟ್‌ನಿಂದ 4.7ಕ್ಕೆ ಇಳಿಯಿತು.

ಥರ್ಮೋಸ್ಟಾಟನ್ನು 70ರಿಂದ 60 ಡಿಗ್ರಿಗೆ ಇಳಿಸಿದ್ದು, ತೊಟ್ಟಿಗೆ ಹೊರಗಿನಿಂದ ಉಷ್ಣನಿರೋಧಕ ಹೊದಿಕೆ ಸುತ್ತಿದ್ದು, ತೊಟ್ಟಿಯಿಂದ ಹೊರಡುವ ಬಿಸಿ ಕೊಳವೆಗಳಿಗೆ ಫೋಮ್ ತೊಡಿಸಿದ್ದು ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ನಿಂತಲ್ಲೇ ಆಗುವ ನಷ್ಟ 2.8ರಿಂದ 1.5 ಯೂನಿಟ್‌ಗೆ ಬಂತು. ಇನ್ನೂ ಕೆಳಗೆ, 50ಕ್ಕೋ 45ಕ್ಕೋ, ಏಕೆ ಇಳಿಸಬಾರದು ಎಂದು ಮಗ ಕೇಳಿದ್ದುಂಟು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯ 20ರಿಂದ 45 ಡಿಗ್ರಿಯ ನಡುವಿನ ನಿಂತ ನೀರಿನಲ್ಲಿ ಬೆಳೆಯುತ್ತದೆ, ಶವರ್‌ನ ಸೂಕ್ಷ್ಮ ಹನಿಗಳ ಜೊತೆ ಉಸಿರಿನಲ್ಲಿ ಒಳಹೊಕ್ಕರೆ ತೀವ್ರವಾದ ನ್ಯುಮೋನಿಯಾ ತರುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ಆದ್ದರಿಂದ ತೊಟ್ಟಿಯ ನೀರನ್ನು ಸ್ನಾನದ ಹದದಲ್ಲೇ ಸಂಗ್ರಹಿಸಿಡುವುದು ಉಳಿತಾಯವಲ್ಲ, ಅಪಾಯ. ಇನ್ನೊಂದೆಡೆ 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲಿ ದೊಡ್ಡವರ ಚರ್ಮವನ್ನೇ ಸುಡಬಲ್ಲದು, ಮಕ್ಕಳ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. 70 ಡಿಗ್ರಿಯ ನೀರಿಗೆ ಒಂದು ಸೆಕೆಂಡು ಸಾಕು. ಐದು ವರ್ಷದ ಮಗು ಇರುವ ಮನೆಯಲ್ಲಿ 70 ಡಿಗ್ರಿಯ ನೀರು ನಲ್ಲಿಯವರೆಗೆ ಬರುತ್ತಿತ್ತೆಂಬುದು ನನಗೆ ವಿದ್ಯುತ್ತಿನ ಖರ್ಚಿಗಿಂತ ಹೆಚ್ಚು ಕಳವಳ ತಂದ ವಿಷಯ. ತೊಟ್ಟಿಯಿಂದ ನೀರು ಹೊರಡುವಲ್ಲಿ, ತಣ್ಣೀರನ್ನು ತಾನಾಗಿ ಬೆರೆಸಿ 50 ಡಿಗ್ರಿಗೆ ಮೀರದಂತೆ ತಡೆಯುವ ವಾಲ್ವ್ ಒಂದನ್ನು ಹಾಕಿಸಿದ ಮೇಲೆಯೇ ಮುಂದಿನ ಮಾತು ಎಂದು ಹಟ ಹಿಡಿದೆ.

ಇಷ್ಟರ ಕೊನೆಗೆ ಮೀಟರ್‌ಗಳು ತೋರಿಸಿದ್ದು, ಅಡುಗೆಮನೆಯ ಗೀಸರ್ ಸೇರಿ, ದಿನಕ್ಕೆ 8.7 ಯೂನಿಟ್. 14.2ರಿಂದ 5.5 ಯೂನಿಟ್ ಕಡಿತ.

ಆಯ್ಕೆ

ಹೊಸ ವ್ಯವಸ್ಥೆಗೆ ನಾಲ್ಕು ದಾರಿಗಳಿದ್ದವು. ನೀರು ಹರಿಯುವಾಗಲೇ ಕಾಯಿಸುವ ಇನ್‌ಸ್ಟಂಟ್ ಗೀಸರಿನಲ್ಲಿ ಸಂಗ್ರಹದ ನಷ್ಟವೇ ಇಲ್ಲ. ಆದರೆ ನಿಮಿಷಕ್ಕೆ 8 ಲೀಟರ್ ನೀರನ್ನು 20 ಡಿಗ್ರಿ ಏರಿಸಲು 11 ಕಿಲೋವ್ಯಾಟ್ ಬೇಕು, ಎರಡು ಸ್ನಾನದ ಮನೆಗಳು ಒಟ್ಟಿಗೆ ನಡೆದರೆ 22. ಮನೆಯ ತಂತಿಗಳು ಅದನ್ನು ತಾಳುತ್ತಿರಲಿಲ್ಲ. ಅನಿಲದ ಗೀಸರಿಗೆ ಹೊಗೆ ಹೊರಹೋಗಲು ಸರಿಯಾದ ಜಾಗ ಬೇಕು; ಮುಚ್ಚಿದ ಸ್ನಾನದ ಮನೆಯಲ್ಲಿ ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷವಾದ್ದರಿಂದ ಅಜ್ಜಿಯೂ ಮಗುವೂ ಇರುವ ಮನೆಗೆ ಅದನ್ನು ನಾನು ಸೂಚಿಸಲಿಲ್ಲ.

ಸೌರ ಹೀಟರಿನ ವಿಷಯದಲ್ಲಿ ಮನಸ್ಸು ಸ್ವಲ್ಪ ಹೊಯ್ದಾಡಿತು. ಅಮೆರಿಕದ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಹಕ್ಕುಪತ್ರ ಪಡೆದ ಸೌರ ಹೀಟರ್, ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟ ಕಪ್ಪು ಬಣ್ಣದ ತೊಟ್ಟಿಗಳಿಗಿಂತ ಹೆಚ್ಚೇನೂ ಆಗಿರಲಿಲ್ಲ. ಇಂದಿಗೂ ಬಿಸಿಲು ಚೆನ್ನಾಗಿ ಬೀಳುವ ಚಾವಣಿ ಇದ್ದವರಿಗೆ ಅಷ್ಟು ಸರಳವೂ, ಚಲಿಸುವ ಭಾಗಗಳಿಲ್ಲದ್ದೂ ಆದ ವ್ಯವಸ್ಥೆ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಈ ಮನೆಯ ಚಾವಣಿಯ ಮೇಲೆ ಪಕ್ಕದ ಎತ್ತರದ ಕಟ್ಟಡದ ನೆರಳು ಮಧ್ಯಾಹ್ನವಾಗುತ್ತಲೇ ಬೀಳುತ್ತಿತ್ತು. ನೆರಳು ಬಿದ್ದ ಸೌರ ಹೀಟರ್ ಎಂದರೆ ಒಳಗಿನ ಬ್ಯಾಕಪ್ ಕಾಯಿಲ್ ದಿನವೂ ಉರಿಯುವ, ಚಾವಣಿಯ ಮೇಲೆ ಹತ್ತಿಸಿಟ್ಟ ಮಾಮೂಲಿ ಗೀಸರ್.

ಉಳಿದದ್ದು ಹೀಟ್ ಪಂಪ್. ಅದು ಕೆಲಸ ಮಾಡುವುದು ಫ್ರಿಜ್ಜಿನಂತೆಯೇ, ಉದ್ದೇಶ ಮಾತ್ರ ತಿರುಗುಮುರುಗು. ಫ್ರಿಜ್ಜು ಒಳಗಿನ ಶಾಖವನ್ನು ಎತ್ತಿ ಹೊರಗೆ ಚೆಲ್ಲುತ್ತದೆ; ಇದು ಹೊರಗಿನ ಗಾಳಿಯ ಶಾಖವನ್ನು ಎತ್ತಿ ನೀರಿಗೆ ಸೇರಿಸುತ್ತದೆ. ಕಡಿಮೆ ತಾಪಮಾನದಲ್ಲೇ ಕುದಿದು ಆವಿಯಾಗುವ ಶೀತಕ ದ್ರವವು ಗಾಳಿಯಿಂದ ಶಾಖ ಹೀರಿಕೊಳ್ಳುತ್ತದೆ, ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ, ಬಿಸಿ ಆವಿಯು ತೊಟ್ಟಿಗೆ ಸುತ್ತಿದ ಸುರುಳಿಯಲ್ಲಿ ಮತ್ತೆ ದ್ರವವಾಗುತ್ತ ನೀರಿಗೆ ಶಾಖ ಬಿಟ್ಟುಕೊಡುತ್ತದೆ. ವಿದ್ಯುತ್ತು ಶಾಖವನ್ನು ಹುಟ್ಟಿಸಬೇಕಿಲ್ಲ, ಸಾಗಿಸಿದರೆ ಸಾಕಾದ್ದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆಯಿಂದ ನಾಲ್ಕು ಯೂನಿಟ್‌ನಷ್ಟು ಉಷ್ಣ ನೀರಿಗೆ ಸೇರುತ್ತದೆ. ಈ ಅನುಪಾತವನ್ನೇ ಸಿಒಪಿ ಎನ್ನುವುದು.

ಇಲ್ಲಿ ತಾಪಮಾನದ ಪ್ರಶ್ನೆ ಮತ್ತೆ ಬರುತ್ತದೆ. ಶಾಖವನ್ನು ಎಷ್ಟು ಎತ್ತರಕ್ಕೆ ಏರಿಸಬೇಕೋ ಅಷ್ಟು ಶ್ರಮ. ಫ್ರೆಂಚ್ ವಿಜ್ಞಾನಿ ಸಾದಿ ಕಾರ್ನೊ 1824ರಲ್ಲಿ ಹಾಕಿಕೊಟ್ಟ ತತ್ವದ ಪ್ರಕಾರ, 25 ಡಿಗ್ರಿಯ ಗಾಳಿಯಿಂದ 55 ಡಿಗ್ರಿಯ ನೀರಿಗೆ ಶಾಖ ಏರಿಸುವಾಗ ಆದರ್ಶ ಯಂತ್ರದ ಗರಿಷ್ಠ ಅನುಪಾತ 10.9, ಅದೇ 70 ಡಿಗ್ರಿಗಾದರೆ 7.6. ನಿಜವಾದ ಯಂತ್ರಗಳು ಸಾಮಾನ್ಯವಾಗಿ ಈ ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ, ಆದರೆ ಇಳಿಕೆಯ ದಿಕ್ಕು ಅದೇ. ಮೇಲಾಗಿ ಮನೆಬಳಕೆಯ ಬಹುಪಾಲು ಹೀಟ್ ಪಂಪುಗಳ ಕಂಪ್ರೆಸರ್ 60–65 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಅದಕ್ಕಿಂತ ಮೇಲೆ ಏರಬೇಕೆಂದರೆ ಒಳಗಿನ ಕಾಯಿಲ್ ಉರಿಯಬೇಕು. 70 ಡಿಗ್ರಿಯ ಅಭ್ಯಾಸವನ್ನು ಬಿಡದ ಮನೆಗೆ ಹೀಟ್ ಪಂಪ್ ತಂದರೆ ದುಬಾರಿ ಬೆಲೆಗೆ ಮತ್ತೆ ಕಾಯಿಲ್ ಗೀಸರನ್ನೇ ಕೊಂಡಂತೆ.

ಮಾರಾಟಗಾರರ 300 ಲೀಟರಿನ ಲೆಕ್ಕ ತಪ್ಪೇ? ತಪ್ಪಲ್ಲ, ನ್ಯಾಯವಾಗಿಯೇ ಇತ್ತು. ಹಳೆಯ ಬಳಕೆಯನ್ನು, ಕೊಳವೆಯಲ್ಲಿ ಸಾಯುವ ನೀರನ್ನೂ ಸೇರಿಸಿ, 55 ಡಿಗ್ರಿಯ ನೀರಿಗೆ ಪರಿವರ್ತಿಸಿದರೆ ದಿನಕ್ಕೆ 250 ಲೀಟರಿನ ಹತ್ತಿರ ಬರುತ್ತದೆ. ಅದಕ್ಕೆ 300 ಲೀಟರಿನ ತೊಟ್ಟಿಯೇ ಸರಿ. ಅವರು ಮನೆಯನ್ನು ಇದ್ದಂತೆ ನೋಡಿದರು. ಆದರೆ ಅಡುಗೆಮನೆಯನ್ನು ಬೇರೆ ಮಾಡಿ, ಶವರ್ ಬದಲಾಯಿಸಿದ ಮೇಲೆ ಆರು ಜನರ ಸ್ನಾನಕ್ಕೆ ಬೇಕಾದದ್ದು 55 ಡಿಗ್ರಿಯ 116 ಲೀಟರ್, ಒಳಬರುವ ನೀರು 14 ಡಿಗ್ರಿಗೆ ಇಳಿಯುವ ಚಳಿಗಾಲದಲ್ಲಿ 130. ಹಾಗಾಗಿ 200 ಲೀಟರಿನದ್ದು ಧಾರಾಳವಾಯಿತು.

ಅಳವಡಿಕೆ, ಮತ್ತು ಮೂರು ವಾರ ಕಾಣದೆ ಹೋದ ತಪ್ಪು

ಹೊಸ ತೊಟ್ಟಿಯನ್ನು ಹಳೆಯ ಜಾಗದಲ್ಲಿ ಕೂರಿಸದೆ ಕೆಳಗೆ, ಸ್ನಾನದ ಮನೆಯ ಹೊರಗೋಡೆಗೆ ತಾಗಿದಂತೆ, ಸೂರಿನಡಿ ನಿಲ್ಲಿಸಲಾಯಿತು. ಮೇಲಿನ ಸ್ನಾನದ ಮನೆ ನೇರ ಅದರ ಮೇಲಿರುವುದರಿಂದ ಕೊಳವೆ 3 ಮತ್ತು 7 ಮೀಟರಿಗೆ ಮುಗಿಯಿತು. ವ್ಯಾಸವನ್ನೂ 15 ಮಿಲಿಮೀಟರಿಗೆ ಇಳಿಸಿ ಫೋಮ್ ತೊಡಿಸಿದೆವು. ಕೊಳವೆಯ ನಷ್ಟ ದಿನಕ್ಕೆ 0.2 ಯೂನಿಟ್‌ಗೆ ಬಂತು. ಹೊರಗೆ ಇಟ್ಟದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಯಂತ್ರ ಗಾಳಿಯನ್ನು ತಂಪು ಮಾಡಿ ಬಿಡುತ್ತದೆಯಾದ್ದರಿಂದ ಚಿಕ್ಕ ಮುಚ್ಚಿದ ಕೋಣೆಯಲ್ಲಿ ಇಟ್ಟರೆ ತಾನು ತಣಿಸಿದ ಗಾಳಿಯನ್ನೇ ಮತ್ತೆ ಮತ್ತೆ ಹಿಂಡಬೇಕಾಗುತ್ತದೆ. ಗಾಳಿಯ ತೇವ ನೀರಾಗಿ ತೊಟ್ಟಿಕ್ಕುವುದರಿಂದ ಅದು ಹರಿದುಹೋಗಲು ಒಂದು ದಾರಿ ಬೇಕು. ಫ್ಯಾನು ಮತ್ತು ಕಂಪ್ರೆಸರಿನ ಸದ್ದೂ ಇದೆ. ಮಲಗುವ ಕೋಣೆಯ ಕಿಟಕಿಯ ಕೆಳಗಾಗದಂತೆ ನೋಡಿಕೊಳ್ಳಬೇಕು.

ಹಳೆಯ ಗೀಸರನ್ನು ಇಳಿಸಿ ಬಿಚ್ಚಿಸಿದೆವು. ತೊಟ್ಟಿಯನ್ನು ತುಕ್ಕಿನಿಂದ ಕಾಯಬೇಕಾದ ಮೆಗ್ನೀಸಿಯಂ ಆನೋಡ್ ಸರಳು ಪೂರ್ತಿ ಸವೆದು ನಡುವಿನ ತಂತಿ ಮಾತ್ರ ಉಳಿದಿತ್ತು. ತನ್ನನ್ನು ತಾನೇ ಕರಗಿಸಿಕೊಂಡು ಉಕ್ಕನ್ನು ಉಳಿಸುವುದೇ ಆ ಸರಳಿನ ಕೆಲಸ; ಅದು ಮುಗಿದ ಮೇಲೆ ತುಕ್ಕು ತೊಟ್ಟಿಯನ್ನೇ ತಿನ್ನತೊಡಗುತ್ತದೆ. 14 ವರ್ಷಗಳಲ್ಲಿ ಅದನ್ನು ಒಮ್ಮೆಯೂ ಯಾರೂ ತೆಗೆದು ನೋಡಿರಲಿಲ್ಲ. ಕಾಯಿಲ್ ಮೇಲೆ ಸುಣ್ಣ ದಪ್ಪವಾಗಿ ಕಟ್ಟಿತ್ತು. ಸುಣ್ಣ ಕಟ್ಟಿದ ಕಾಯಿಲ್ ವಿದ್ಯುತ್ ಹೆಚ್ಚು ತಿನ್ನುತ್ತದೆ ಎಂಬ ಮಾತು ಎಲ್ಲೆಡೆ ಇದೆ. ನೀರಿನಲ್ಲಿ ಮುಳುಗಿದ ಕಾಯಿಲಿನ ಶಾಖಕ್ಕೆ ನೀರನ್ನು ಬಿಟ್ಟರೆ ಹೋಗಲು ಬೇರೆ ಜಾಗವಿಲ್ಲವಾದ್ದರಿಂದ, ಆ ನಷ್ಟ ನಗಣ್ಯ. ಸುಣ್ಣದ ನಿಜವಾದ ಹಾನಿ ಬೇರೆ: ಶಾಖ ಬಿಡಲಾಗದೆ ಕಾಯಿಲ್ ತಾನೇ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ. ಹೀಟ್ ಪಂಪಿನಲ್ಲಾದರೋ ಶಾಖ ತೊಟ್ಟಿಯ ಗೋಡೆಯ ಮೂಲಕ ದಾಟಬೇಕಾದ್ದರಿಂದ, ಅಲ್ಲಿ ಸುಣ್ಣ ಕಟ್ಟಿದರೆ ಸಿಒಪಿಯೇ ಇಳಿಯುತ್ತದೆ. ಗಡಸು ನೀರಿನ ಮನೆಯವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಲೆಕ್ಕದ ಪ್ರಕಾರ ಹೊಸ ಯಂತ್ರ ದಿನಕ್ಕೆ ಕೊಡಬೇಕಾದ ಉಷ್ಣ, ಸ್ನಾನಕ್ಕೆ 4.7, ಕೊಳವೆಗೆ 0.2, ತೊಟ್ಟಿಯ ನಷ್ಟಕ್ಕೆ ಸುಮಾರು 1.2, ಒಟ್ಟು 6.1ರಿಂದ 6.2 ಯೂನಿಟ್. ಅನುಪಾತ 3 ಎಂದಿಟ್ಟುಕೊಂಡರೆ 2.1 ಯೂನಿಟ್ ವಿದ್ಯುತ್. ಮೀಟರ್ ತೋರಿಸಿದ್ದು 4.3. ಮೊದಲ ವಾರ ಹೊಸತೆಂದು ಸುಮ್ಮನಿದ್ದೆವು, ಎರಡನೆಯ ವಾರ ಹವೆ ತಂಪಾಗಿದೆ ಎಂದುಕೊಂಡೆವು. ಮೂರನೆಯ ವಾರ ಬೆಳಗಿನ ಜಾವ ನಾನೇ ಹೋಗಿ ನಿಂತು, ತಂತಿಗೆ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದೆ: 2.1 ಕಿಲೋವ್ಯಾಟ್. ಕಂಪ್ರೆಸರಿಗೆ ಬೇಕಾದದ್ದು 0.6 ಮಾತ್ರ. ಉಳಿದ 1.5 ಕಿಲೋವ್ಯಾಟ್ ಒಳಗಿನ ಬ್ಯಾಕಪ್ ಕಾಯಿಲಿನದು. ಕೂರಿಸಲು ಬಂದವರು ಅಂದು ನೀರು ಬೇಗ ಕಾಯಲೆಂದು 'ಶೀಘ್ರ' ಎಂಬ ಸ್ಥಿತಿಗೆ ಒತ್ತಿ ಹಾಗೆಯೇ ಬಿಟ್ಟುಹೋಗಿದ್ದರು. ಹೀಟ್ ಪಂಪೂ ಕಾಯಿಲೂ ಜೊತೆಗೂಡಿ ಓಡುತ್ತಿದ್ದವು. ನೀರು ಬಿಸಿಯಾಗಿಯೇ ಬರುತ್ತಿದ್ದುದರಿಂದ ಮನೆಯವರಿಗೆ ದೂರಲು ಏನೂ ಇರಲಿಲ್ಲ. ಪ್ರತ್ಯೇಕ ಮೀಟರ್ ಇಲ್ಲದಿದ್ದರೆ ಇದು ವರ್ಷಗಟ್ಟಲೆ ಹೀಗೆಯೇ ಸಾಗುತ್ತಿತ್ತು, ಮತ್ತು ಒಂದು ದಿನ "ಹೀಟ್ ಪಂಪಿನಿಂದ ಅಂಥ ಉಳಿತಾಯವೇನೂ ಇಲ್ಲ" ಎಂಬ ಅಭಿಪ್ರಾಯವಾಗಿ ಹೊರಬೀಳುತ್ತಿತ್ತು.

ಅದರ ಜೊತೆಗೇ ಇನ್ನೊಂದನ್ನೂ ಸರಿಪಡಿಸಿದೆವು. ಬೆಳಗಿನ ಸ್ನಾನಕ್ಕೆ ಸಿದ್ಧವಾಗಲೆಂದು ಟೈಮರನ್ನು ನಸುಕಿನ 4 ಗಂಟೆಗೆ ಇಡಲಾಗಿತ್ತು. ಕಾಯಿಲ್ ಗೀಸರಿಗೆ ಅದು ಸರಿಯಾದ ಅಭ್ಯಾಸ. ಆದರೆ ಗಾಳಿಯಿಂದ ಶಾಖ ಎತ್ತುವ ಯಂತ್ರವನ್ನು ದಿನದ ಅತ್ಯಂತ ತಣ್ಣನೆಯ ಗಳಿಗೆಯಲ್ಲಿ ಓಡಿಸುವುದು ಅದರ ಸ್ವಭಾವಕ್ಕೆ ವಿರುದ್ಧ. ಮಧ್ಯಾಹ್ನ 12ರಿಂದ 4ರವರೆಗೆ ಓಡುವಂತೆ ಬದಲಾಯಿಸಿದೆವು. ಮಧ್ಯಾಹ್ನ ಕಾದ ನೀರು ಬೆಳಗಿನವರೆಗೆ ಬಿಸಿಯಾಗಿ ಇರುತ್ತದೆಯೇ ಎಂದು ಯಜಮಾನರಿಗೆ ನಂಬಿಕೆ ಬರಲಿಲ್ಲ. 12 ಗಂಟೆಯಲ್ಲಿ 0.6 ಯೂನಿಟ್ ನಷ್ಟವಾದರೆ 200 ಲೀಟರ್ ನೀರು ಇಳಿಯುವುದು ಮೂರು ಡಿಗ್ರಿಯೂ ಇಲ್ಲ ಎಂದು ಬರೆದು ತೋರಿಸಿದೆ. ಥರ್ಮಾಮೀಟರ್ ಹಿಡಿದು ನೋಡಿದ ಮೇಲೆ ಒಪ್ಪಿದರು. ಯಂತ್ರದ ಬಳಕೆ 2.1ಕ್ಕೆ ಬಂತು. ಹೊಸ ತೊಟ್ಟಿಯ ನೀರು 55 ಡಿಗ್ರಿಯಲ್ಲಿರುವುದರಿಂದ ವಾರಕ್ಕೊಮ್ಮೆ ಬ್ಯಾಕ್ಟೀರಿಯಕ್ಕಾಗಿ 65 ಡಿಗ್ರಿಗೆ ಕಾಯಿಸುವುದರ ಪಾಲು ದಿನಕ್ಕೆ 0.3. ಅಡುಗೆಮನೆಯ 1.6 ಸೇರಿ ಒಟ್ಟು 4.

ಅಜ್ಜಿಯ ದೂರು ಮತ್ತು ಚಳಿಗಾಲ

ಎಲ್ಲವೂ ಸರಿಹೋಯಿತು ಎಂದುಕೊಂಡಾಗ ಅಜ್ಜಿ, "ಈ ಹೊಸದರಲ್ಲಿ ನೀರು ಸುಡೋದೇ ಇಲ್ಲವಲ್ಲಪ್ಪ" ಎಂದರು. ಅವರು ಬಿಸಿನೀರಿನ ನಲ್ಲಿಯನ್ನಷ್ಟೇ ತೆರೆದು ಬೆರಳಿಟ್ಟು ಪರೀಕ್ಷಿಸುತ್ತಿದ್ದರು. ಮೊದಲು 70 ಡಿಗ್ರಿಯ ನೀರಿಗೆ ಹೆಚ್ಚು ತಣ್ಣೀರು ಬೆರೆಸಬೇಕಿತ್ತು, 40 ಡಿಗ್ರಿಯ ಹದಕ್ಕೆ ಬಿಸಿಯ ಪಾಲು ಶೇ. 40; ಈಗ ತಡೆಯ ವಾಲ್ವ್ ದಾಟಿ 50 ಡಿಗ್ರಿಯಲ್ಲಿ ಬರುವ ನೀರಿಗೆ ಶೇ. 67 ಬಿಸಿ ಬೇಕು. ಹಳೆಯ ಅಂದಾಜಿನಲ್ಲಿ ನಲ್ಲಿ ತಿರುಗಿಸಿದರೆ ಸ್ನಾನದ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ಅವರಿಗೆ ಅಂಕಿಗಳನ್ನು ಹೇಳುವ ಬದಲು ಸೊಸೆ ಹಿಡಿಕೆಯ ಮೇಲೆ ಕೆಂಪು ಬಣ್ಣದಿಂದ ಹೊಸ ಗುರುತು ಹಾಕಿಕೊಟ್ಟರು. ದೂರು ನಿಂತಿತು.

ಚಳಿಗಾಲದ ಎರಡು ತಿಂಗಳ ಸರಾಸರಿ 5.8 ಯೂನಿಟ್ ಬಂದಿತು. ಒಳಬರುವ ನೀರು 14 ಡಿಗ್ರಿಗೆ ಇಳಿದದ್ದರಿಂದ ಬೇಕಾದ ಉಷ್ಣ ಹೆಚ್ಚಿತು, ಗಾಳಿ ತಂಪಾದದ್ದರಿಂದ ಅನುಪಾತ 2.3ರ ಹತ್ತಿರಕ್ಕೆ ಇಳಿಯಿತು. ಎರಡು ಹೊಡೆತ ಒಟ್ಟಿಗೆ. ಹಳೆಯ ವ್ಯವಸ್ಥೆಯನ್ನು ಚಳಿಗಾಲದಲ್ಲಿ ಅಳೆದಿರಲಿಲ್ಲವಾದರೂ ಅದೇ ಸೂತ್ರದ ಪ್ರಕಾರ ಅದು 17 ಯೂನಿಟ್ ತಿನ್ನುತ್ತಿತ್ತು.

ಬೆಲೆಯ ಮಾತು

ಅಳತೆ ಮಾಡಿದ ಋತುವಿನ ಅಂಕಿಗಳನ್ನೇ ಹಿಡಿದರೆ ಉಳಿತಾಯ ದಿನಕ್ಕೆ 10.2 ಯೂನಿಟ್, ವರ್ಷಕ್ಕೆ ಸುಮಾರು 3,700. ಸ್ನೇಹಿತರು ಯಂತ್ರದ ಬೆಲೆಯನ್ನು ಈ 3,700ರ ಮೇಲೆ ಹಂಚಿ ಎಷ್ಟು ವರ್ಷದಲ್ಲಿ ಹುಟ್ಟುತ್ತದೆಂದು ಲೆಕ್ಕ ಹಾಕಿದ್ದರು. ಅದು ಸರಿಯಲ್ಲ. 3,700ರಲ್ಲಿ 2,000 ಯೂನಿಟ್ ಶವರ್, ವಾಲ್ವ್, ಹೊದಿಕೆ ಮತ್ತು ಸಿಂಕಿನ ಕೆಳಗಿನ ಸಣ್ಣ ಗೀಸರಿನವು; ಅವುಗಳ ಖರ್ಚು ಯಂತ್ರದ ಬೆಲೆಯ ಒಂದು ಸಣ್ಣ ಭಾಗ. ಯಂತ್ರ ದುಡಿದದ್ದು ದಿನಕ್ಕೆ 8.7ರಿಂದ 4ಕ್ಕೆ, ಅಂದರೆ ವರ್ಷಕ್ಕೆ 1,700 ಯೂನಿಟ್. ಅದರ ಬೆಲೆ ಈ 1,700ರ ಮೇಲೆ ಹಂಚಬೇಕಾದದ್ದು.

ಕೆಲಸವನ್ನು ಹಿಂದುಮುಂದಾಗಿ ಮಾಡಿದ್ದರೆ, ಮೊದಲ ದಿನವೇ ಹೀಟ್ ಪಂಪ್ ತಂದು ಹಳೆಯ ಕೊಳವೆಗೆ ಜೋಡಿಸಿದ್ದರೆ, ಬಳಕೆ 14.2ರಿಂದ 5ರ ಆಸುಪಾಸಿಗೆ ಬಂದು ಪೂರ್ತಿ ಕೀರ್ತಿ ಯಂತ್ರಕ್ಕೇ ಸಲ್ಲುತ್ತಿತ್ತು. ಯೂನಿಟ್‌ಗಳ ಲೆಕ್ಕದಲ್ಲಿ ಅಂತಿಮ ವ್ಯತ್ಯಾಸ ದಿನಕ್ಕೆ ಒಂದೇ ಯೂನಿಟ್ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆಗ 300 ಲೀಟರಿನ ಯಂತ್ರ ಬೇಕಾಗುತ್ತಿತ್ತು, ಸಿಂಕಿನಲ್ಲಿ ಇನ್ನೂ ಒಂದು ನಿಮಿಷ ಕಾಯಬೇಕಾಗುತ್ತಿತ್ತು.

ಹಾಗಾದರೆ ಯಂತ್ರ ಬೇಕಿತ್ತೇ? ಹಳೆಯ ತೊಟ್ಟಿ ಗಟ್ಟಿಯಾಗಿದ್ದಿದ್ದರೆ, 8.7ಕ್ಕೆ ಇಳಿಸಿ ಅಲ್ಲಿಗೇ ನಿಲ್ಲಿಸಿ ಎಂದು ನಾನು ಹೇಳುತ್ತಿದ್ದೆ. ಅದು ತುಕ್ಕು ಹಿಡಿದು ಮುಗಿದಿತ್ತು, ಏನಾದರೊಂದು ಕೊಳ್ಳಲೇಬೇಕಿತ್ತು. ಅಂಥ ಸಂದರ್ಭದಲ್ಲಿ ಲೆಕ್ಕಕ್ಕೆ ಬರುವುದು ಹೀಟ್ ಪಂಪಿನ ಪೂರ್ತಿ ಬೆಲೆಯಲ್ಲ, ಅದಕ್ಕೂ ಅದೇ ಗಾತ್ರದ ಮಾಮೂಲಿ ಗೀಸರಿಗೂ ಇರುವ ಅಂತರ ಮಾತ್ರ. ಆ ಅಂತರವನ್ನು 1,700ರ ಮೇಲೆ ಹಂಚಿದಾಗ ಯಂತ್ರದ ಆಯುಷ್ಯದ ಅರ್ಧದೊಳಗೆ ಹಣ ಮರಳುತ್ತದೆಂದು ಕಂಡುಬಂದುದರಿಂದ ಕೊಂಡದ್ದು ಸರಿಯಾಯಿತು.

ಈಗ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ವರ್ಷಕ್ಕೊಮ್ಮೆ ಆನೋಡ್ ಸರಳು ನೋಡುವ ದಿನ, ಆರು ತಿಂಗಳಿಗೊಮ್ಮೆ ಗಾಳಿಯ ಜಾಲರಿ ತೊಳೆಯುವ ಮತ್ತು ತೊಟ್ಟಿಯ ತಳದ ಹೂಳು ಬಿಡುವ ದಿನ ಗುರುತಾಗಿವೆ. ಅಡುಗೆಮನೆಯ ಸಣ್ಣ ಗೀಸರಿಗೂ ಟೈಮರ್ ಹಾಕಿ ರಾತ್ರಿ ಆರಿಸೋಣವೇ ಎಂದು ಮಗ ಕೇಳಿದ್ದಾನೆ. ಅದರ ಇಡೀ ದಿನದ ನಷ್ಟವೇ 0.45 ಯೂನಿಟ್; ರಾತ್ರಿ ಆರು ಗಂಟೆಗಳ ಕಾಲ ಆರಿಸಿದರೆ ಉಳಿಯುವುದು 0.1 ಕೂಡ ಆಗದು. ಬೇಡ ಎಂದಿದ್ದೇನೆ.